ಮಾವನ ದೇಶದಲ್ಲಿ ಕಬ್ಬಿಣವಿಲ್ಲ

ಬೇರೆಯವರ ಸೋದರಮಾವಂದಿರಿಗೆ ಬೊರಿವಲಿಯಲ್ಲೊಂದು ಫ್ಲ್ಯಾಟ್ ಇರುತ್ತದೆ, ಬ್ಯಾಂಕಿನಲ್ಲಿ ಲಾಕರ್ ಇರುತ್ತದೆ. ನನ್ನ ಮಾವನಿಗೆ ಇರುವುದು ಒಂದು ದೇಶ. ಇಡೀ ದೇಶ ಅವರ ತಲೆಯೊಳಗಿದೆ. ಆ ದೇಶದ ದೆಸೆಯಿಂದ ನಾವು ಚೆಂಬೂರಿನ ಬಾಡಿಗೆ ಮನೆಯನ್ನು ಕಳೆದುಕೊಳ್ಳುವುದರಲ್ಲಿದ್ದೆವು ಎಂದರೆ ನೀವು ನಂಬಲಿಕ್ಕಿಲ್ಲ.

ಎಲ್ಲ ಶುರುವಾದದ್ದು ನನ್ನ ಮಗಳಿಂದ. ಕಾಲೇಜಿನಲ್ಲಿ ಓದುತ್ತಿರುವ ಅವಳು ಒಂದು ಕಾದಂಬರಿ ಬರೆಯಲು ಹೊರಟಳು. ಮರುಭೂಮಿಯ ನಡುವೆ ಚಿನ್ನದ ನಗರ, ಹರಳಿನ ಅರಮನೆ, ದಿನವೂ ಹಬ್ಬದೂಟ. ಬೈಕುಲ್ಲಾದ ಹೋಟೆಲೊಂದರಲ್ಲಿ ಬದುಕೆಲ್ಲ ಮ್ಯಾನೇಜರಾಗಿದ್ದು, ನಿವೃತ್ತರಾದ ಮೇಲೆ ನಮ್ಮ ಜೊತೆಗಿದ್ದ ಮಾವ ಅದನ್ನು ಕೊನೆಯವರೆಗೆ ಕೇಳಿ ಒಂದೇ ಪ್ರಶ್ನೆ ಹಾಕಿದರು.

“ಅಷ್ಟು ಜನಕ್ಕೆ ಊಟ ಹಾಕ್ತಿ ಅಲ್ಲ, ತಟ್ಟೆ ತೊಳಿಲಿಕ್ಕೆ ನೀರು ಎಲ್ಲಿಂದ?”

“ಅಜ್ಜಾ, ಫ್ಯಾಂಟಸಿ ಅಲ್ವಾ? ಮ್ಯಾಜಿಕ್‌ನಿಂದ ಬರುತ್ತೆ.”

“ಮ್ಯಾಜಿಕ್ಕಿನ ನೀರಾದ್ರೂ ಪೈಪಲ್ಲೇ ಬರ್ಬೇಕಲ್ಲ ಮಗಾ. ಪೈಪು ಯಾವುದರದ್ದು?”

ಮಗಳು ವಾರದೊಳಗೆ ಕಾದಂಬರಿಯನ್ನು ಬಿಟ್ಟಳು. ಮಾವನಿಗೆ ಬಿಡಲಾಗಲಿಲ್ಲ. ಅವರು ಚಿನ್ನದ ನಗರವನ್ನು ಕೆಡವಿ, ತಮ್ಮದೇ ಒಂದು ದೇಶ ಕಟ್ಟಲು ಕೂತರು. ಬೋಳುಗುಡ್ಡಗಳ ಒಂದು ದ್ವೀಪ. ಅಲ್ಲಿ ಕಬ್ಬಿಣ ಇಲ್ಲ, ಮರ ಇಲ್ಲ, ಇಡೀ ದ್ವೀಪಕ್ಕೆ ಒಂದೇ ಒರತೆ. ಒಣಗಿಸಿದ ಕಡಲಪಾಚಿಯೇ ಉರುವಲು. ಇಷ್ಟರಲ್ಲೇ ಜನ ಹುಟ್ಟಬೇಕು, ಮದುವೆಯಾಗಬೇಕು, ಜಗಳವಾಡಬೇಕು. ಕೇಳಿದವರು ಅದನ್ನು ನಂಬಲೂಬೇಕು. ಮರವಿಲ್ಲದ ದೇಶಕ್ಕೆ ಕಾಗದ ಎಲ್ಲಿಂದ ಬರಬೇಕು ಎಂದು ಅವರು ಒಂದಕ್ಷರವನ್ನೂ ಬರೆದಿಡಲಿಲ್ಲ. ಒಂದೊಂದು ಕಾನೂನನ್ನೂ ವಾರಗಟ್ಟಲೆ ನಮ್ಮೆಲ್ಲರ ಜೊತೆ ವಾದಿಸಿ ತೀರ್ಮಾನಿಸುತ್ತಿದ್ದರು. ಸೌದೆ ಇಲ್ಲದ ಕಡೆ ಸತ್ತವರನ್ನು ಏನು ಮಾಡುತ್ತಾರೆ ಎಂಬ ಚರ್ಚೆ ನಮ್ಮ ಮನೆಯಲ್ಲಿ ನಡೆದದ್ದು ಪಾಯಸ ಬಡಿಸುವ ಹೊತ್ತಿನಲ್ಲಿ!

ಒಮ್ಮೆ ಲೋಹವಿಲ್ಲದೆ ಅಡುಗೆ ಸಾಧ್ಯವೇ ನೋಡಬೇಕೆಂದು ನನ್ನ ಪಾತ್ರೆಗಳನ್ನೆಲ್ಲ ಮೇಲೆತ್ತಿಟ್ಟು, ಮಣ್ಣಿನ ಮಡಕೆಯಲ್ಲಿ ಸಾರು ಕುದಿಸಿದರು. ನನ್ನ ಗಂಡ ಮಡಕೆಯ ಕೆಳಗಿನ ಗ್ಯಾಸ್ ಒಲೆಯನ್ನು ತೋರಿಸಿ, “ಮಾವ, ಇದು ಯಾವುದರದ್ದು?” ಎಂದರು. ಮರುದಿನವೇ ಮಾವ ಪಾತ್ರೆಗಳನ್ನೆಲ್ಲ ಕೆಳಗಿಳಿಸಿಟ್ಟರು.

ಅಲ್ಲಿಯವರೆಗೆ ಕಷ್ಟ ನಮ್ಮ ಮನೆಯೊಳಗೇ ಇತ್ತು. ಆಮೇಲೆ ಆ ದೇಶಕ್ಕೊಂದು ಬೈಗುಳ ಬೇಕಾಯಿತು. ನೀರೇ ಇಲ್ಲದ ಕಡೆ ಎಲ್ಲಕ್ಕಿಂತ ಕೆಟ್ಟ ಮನುಷ್ಯ ಯಾರು? ನೀರು ಚೆಲ್ಲುವವನು. ಹಾಗಾಗಿ ‘ಚೆಲ್ಲುಗಾರ’ ಎಂಬ ಬೈಗುಳ ಹುಟ್ಟಿತು. ನಮ್ಮ ಬಿಲ್ಡಿಂಗಿನ ನೀರಿನ ಟಾಕಿಯೋ, ದಿನಾ ಬೆಳಿಗ್ಗೆ ತುಂಬಿ ಗೋಡೆಯ ಮೇಲೆ ಹರಿಯುತ್ತಿತ್ತು. ಒಂದು ದಿನ ಮಾವ ಕಾಂಪೌಂಡಿನಲ್ಲಿ ನಿಂತು, ಹೌಸಿಂಗ್ ಸೊಸೈಟಿಯ ಸೆಕ್ರೆಟರಿಗೆ ಕೇಳುವ ಹಾಗೆ ಆ ಶಬ್ದವನ್ನು ಬಳಸಿಯೇಬಿಟ್ಟರು.

ಸೆಕ್ರೆಟರಿ ವಿಜಯಪುರ ಕಡೆಯ ಮುಸ್ಲಿಮರು. ಲೇತ್ ಮಶೀನಿನ ಪುಟ್ಟ ವರ್ಕ್‌ಶಾಪ್ ನಡೆಸಿದವರು. ದಖ್ನಿ ಉರ್ದು, ಕನ್ನಡ ಎರಡರಲ್ಲೂ ಜಗಳವಾಡಬಲ್ಲವರು. ಅವರ ಕಿವಿಗೆ ಬಿದ್ದದ್ದು ‘ಚೆಲ್ಲು’ ಎಂಬುದಷ್ಟೇ. ತನ್ನ ನಡತೆ ಸರಿಯಿಲ್ಲ ಎಂದು ಈತ ಊರಿಗೆಲ್ಲ ಸಾರುತ್ತಿದ್ದಾನೆ ಎಂದುಕೊಂಡರು.

“ಈ ವಯಸ್ಸಿನ್ಯಾಗ ನನಗ ಚೆಲ್ಲು ಅಂತಾರ? ಎಲ್ಲಾರ ಮುಂದ?” ಎಂದು ನಮ್ಮ ಬಾಗಿಲಿಗೇ ಬಂದು ಕೇಳಿದರು. “ನಿಮ್ಮ ಬಾಡಿಗಿ ಮುಂದುವರಸಾಕ ಸೊಸೈಟಿ ಒಪ್ಪಿಗಿ ಬೇಕಲ್ರಿ? ಭಾನುವಾರ ಮೀಟಿಂಗಿಗೆ ಬರ್ರಿ, ನೋಡೂಣು.”

ಒಪ್ಪಿಗೆ ಸಿಗದಿದ್ದರೆ ಮನೆಯ ಮಾಲೀಕರು ನಮ್ಮನ್ನು ಇಟ್ಟುಕೊಳ್ಳುವಂತಿರಲಿಲ್ಲ. ಮಗಳ ಪರೀಕ್ಷೆ ಹತ್ತಿರವಿತ್ತು. ಆ ಬಾಡಿಗೆಗೆ ಚೆಂಬೂರಿನಲ್ಲಿ ಬೇರೆ ಮನೆ ಎಲ್ಲಿ ಸಿಗಬೇಕು? ಕ್ಷಮೆ ಕೇಳಿಬಿಡಿ ಎಂದು ಮಾವನಿಗೆ ಅಂಗಲಾಚಿದೆ.

“ಕೇಳ್ತೇನೆ ಮಾರಾಯ್ತಿ. ಆದ್ರೆ ನೀರು ಚೆಲ್ಲಿ ಹೋಗೂದು ಸುಳ್ಳಾ?” ಎಂದರು.

ಇವರನ್ನು ನಂಬಿ ಪ್ರಯೋಜನವಿಲ್ಲವೆಂದು ಸೆಕ್ರೆಟರಿಯ ಬಾಯಿ ಸಿಹಿ ಮಾಡಲು ಒಂದು ಡಬ್ಬಿ ಪೇಢೆ ಕೊಂಡುತಂದೆ. ಭಾನುವಾರ ಮಧ್ಯಾಹ್ನ, ಮೇ ತಿಂಗಳ ಸೆಖೆಯಲ್ಲಿ, ನಾನೂ ಮಾವನೂ ಮೇಲಿನ ಮಹಡಿಯ ಮೀಟಿಂಗಿಗೆ ಹೊರಟು ಲಿಫ್ಟಿನೊಳಗೆ ನಿಂತೆವು. ಬಾಗಿಲು ಮುಚ್ಚುವ ಗಳಿಗೆಯಲ್ಲಿ ಒಂದು ಕೈ ಅಡ್ಡ ಬಂತು. ಒಳಗೆ ಬಂದವರು ಸೆಕ್ರೆಟರಿ. ಮೂವರೂ ಬದುಕಿನಲ್ಲೇ ಮೊದಲ ಸಲ ನೋಡುವವರಂತೆ ಮಹಡಿಯ ಅಂಕೆಗಳನ್ನು ದಿಟ್ಟಿಸಿದೆವು.

ಅರ್ಧ ದಾರಿಯಲ್ಲಿ ಲಿಫ್ಟು ಜಗ್ಗಿ ನಿಂತಿತು. ದೀಪ ಹೋಯಿತು, ಫ್ಯಾನೂ ನಿಂತಿತು.

ನಾನು ತಡಕಾಡಿ ಅಲಾರಂ ಗುಂಡಿ ಒತ್ತಿದೆ. ಸದ್ದಿಲ್ಲ.

“ಅದು ಕೆಟ್ಟೈತ್ರಿ,” ಎಂದು ಕತ್ತಲಲ್ಲಿ ಸೆಕ್ರೆಟರಿಯ ಧ್ವನಿ ಬಂತು. ಸ್ವಲ್ಪ ಹೊತ್ತು ಬಿಟ್ಟು, “ರಿಪೇರಿ ಮುಂದಿನ ತಿಂಗಳ ನೋಡೂಣು ಅಂತ ನಾನ ಹೇಳಿದ್ದೆ,” ಎಂದರು.

ಮೊಬೈಲಿಗೆ ನೆಟ್‌ವರ್ಕ್ ಇರಲಿಲ್ಲ. ಬಾಗಿಲು ಬಡಿದೆವು, ಕೂಗಿದೆವು. ಕೊನೆಗೆ ಮೇಲಿನಿಂದ ಯಾರೋ, ಮೆಕ್ಯಾನಿಕ್ ಕುರ್ಲಾದಿಂದ ಬರಬೇಕು, ಟೈಮ್ ಲಗೇಗಾ ಎಂದು ಕೂಗಿ ಹೇಳಿದರು. ಒಳಗಿನ ಗಾಳಿ ಬಿಸಿಯಾಗುತ್ತಿತ್ತು. ಮೊಬೈಲಿನ ಟಾರ್ಚ್ ಹಾಕಿದೆ. ಸೆಕ್ರೆಟರಿ ಗೋಡೆಗೆ ಬೆನ್ನು ಕೊಟ್ಟು ಕೆಳಗೆ ಜಾರುತ್ತಿದ್ದರು. ಅಂಗಿ ಒದ್ದೆಯಾಗಿತ್ತು, ಕೈಗಳು ನಡುಗುತ್ತಿದ್ದವು.

“ಶುಗರ್ ಇಳ್ಯಾಕತ್ತೈತ್ರಿ,” ಎಂದರು. “ಗುಳಿಗಿ ತಗೊಂಡೀನಿ, ಊಟಾ ಮಾಡಿಲ್ಲ.”

ಸಕ್ಕರೆ ಕಾಯಿಲೆಯವರಿಗೆ ನಾನು ಪೇಢೆಯ ಲಂಚ ತಂದಿದ್ದೆ! ಮಾವ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು ಹರಿದರು, ಒಂದು ಪೇಢೆ ಮುರಿದು ಅವರ ಬಾಯಿಗಿಟ್ಟರು. ನನ್ನ ಬಾಟಲಿಯಲ್ಲಿದ್ದ ಚೂರು ನೀರನ್ನು ಒಂದೊಂದೇ ಗುಟುಕು ಕುಡಿಸಿದರು. ಆದರೂ ಅವರ ಕಣ್ಣು ಮುಚ್ಚಿಹೋಗುತ್ತಿತ್ತು.

“ಮಲಗ್ಬೇಡಿ ಭಾಯಿ. ಮಾತಾಡಿ.”

“ಏನ್ ಮಾತಾಡ್ಲಿ?”

ಮಾವನಿಗೆ ಗೊತ್ತಿದ್ದ ವಿಷಯ ಒಂದೇ. “ನಮ್ಮ ದೇಶದಲ್ಲಿ ಕಬ್ಬಿಣ ಇಲ್ಲ, ಗೊತ್ತುಂಟಾ?” ಎಂದು ಶುರು ಮಾಡಿದರು. ಒರತೆ, ಪಾಚಿಯ ಉರುವಲು, ಚೆಲ್ಲುಗಾರನವರೆಗೆ ಬಂದರು. ನಮ್ಮ ಬಾಡಿಗೆ ಮನೆಯ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಸೆಕ್ರೆಟರಿ ಒಂದು ಕಣ್ಣು ತೆರೆದರು. “ನೀರ ಚೆಲ್ಲೂದಕ್ಕ ಅಂದಿದ್ರೇನು ಅದನ್ನ? ಹಂಗಾದ್ರ ಖರೇನ ಐತಿ ಬಿಡ್ರಿ.” ಮತ್ತೆ ಸ್ವಲ್ಪ ಯೋಚಿಸಿ, “ಕಬ್ಬಿಣ ಇಲ್ದ ಸೂಜಿ ಹೆಂಗ ಮಾಡ್ತಾರ?” ಎಂದು ಕೇಳಿದರು.

“ಮೀನಿನ ಮುಳ್ಳು.”

“ಅದಕ್ಕ ತೂತು ಹಾಕಾಕ ಏನೈತಿ?”

ಇಷ್ಟು ದಿನದಲ್ಲಿ ಆ ತೂತಿನ ಬಗ್ಗೆ ನಾವು ಯಾರೂ ಕೇಳಿರಲಿಲ್ಲ.

“ಚೂಪನ ಕಲ್ಲಿಗೆ ಹುರಿ ಸುತ್ತಿ ಗರಗರ ತಿರಗಸ್ಬೇಕ್ರಿ,” ಎಂದು ಸೆಕ್ರೆಟರಿ ನಡುಗುವ ಕೈಯಲ್ಲೇ ತೋರಿಸಿದರು. ಇನ್ನೊಂದು ಪೇಢೆಯನ್ನು ತಾವೇ ತೆಗೆದುಕೊಂಡರು. ಧ್ವನಿಗೆ ತುಸು ಜೀವ ಬಂದಿತ್ತು.

ಅಷ್ಟರಲ್ಲಿ ಮೇಲೆ ಏನೋ ಬಡಿದ ಸದ್ದಾಗಿ, ಲಿಫ್ಟು ಗೇಣುದ್ದ ಕೆಳಕ್ಕೆ ಬಿದ್ದು ನಿಂತಿತು. ನಾನು ಚೀರಿದೆ. ಮಾವ ನನ್ನ ಕೈಯನ್ನು ಹಿಡಿದುಕೊಂಡರು. ಆಮೇಲೆ ಸೆಕ್ರೆಟರಿ ಮೆಲ್ಲಗೆ ಕೇಳಿದರು.

“ಅಲ್ಲಿ ಉರವಲ ಕಮ್ಮಿ ಅಂದ್ರಲ್ಲ. ಒಬ್ಬಾವನ ಇರೋ ಮನುಷ್ಯಾ ಹೆಂಗ ಅಡಗಿ ಮಾಡ್ಕೋತಾನ? ನಮ್ಮ ಮನಿಯಾಕಿ ಹೋದ ಮ್ಯಾಲೆ ನನಗಂತೂ ಒಲಿ ಹಚ್ಚೋ ಮನಸ ಆಗೂದಿಲ್ರಿ.”

ಮಾವ ತಡಮಾಡಲಿಲ್ಲ. “ಒಬ್ಬರಿಗೆ ಅಂತ ಒಲೆ ಹೊತ್ತಿಸ್ಲಿಕ್ಕೇ ಇಲ್ಲ ಅಲ್ಲಿ. ಉರುವಲು ಸಾಲೂದಿಲ್ಲ ಅಲ್ಲ? ಒಬ್ಬರೇ ಇದ್ದವರು ಪಕ್ಕದ ಮನೆಗೆ ಊಟಕ್ಕೆ ಹೋಗ್ಬೇಕು. ಕಾನೂನೇ ಉಂಟು.”

“ಹೋಗ್ಲಿಲ್ಲಂದ್ರ?”

“ಕರೀಲಿಕ್ಕೆ ಬರ್ತಾರೆ.”

ಅಂಥದ್ದೊಂದು ಕಾನೂನು ನಮ್ಮ ಮನೆಯಲ್ಲಿ ಎಂದೂ ಚರ್ಚೆಗೆ ಬಂದಿರಲಿಲ್ಲ. ಮದುವೆಯಾಗದ ಮಾವ ಅಷ್ಟೂ ವರ್ಷ ಹೋಟೆಲಿನ ಅಡುಗೆಮನೆಯ ಮೂಲೆಯಲ್ಲಿ ನಿಂತೇ ಉಂಡವರು ಎಂಬುದು ನನಗೆ ಆಗ ನೆನಪಾಯಿತು.

ಮೆಕ್ಯಾನಿಕ್ ಬಂದು ಬಾಗಿಲು ಮೀಟಿದ. ಮೊದಲು ಸೆಕ್ರೆಟರಿಯನ್ನು, ಆಮೇಲೆ ನಮ್ಮನ್ನು ಮೇಲಕ್ಕೆಳೆದುಕೊಂಡರು. ಸೆಕ್ರೆಟರಿ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡ ಮೇಲೆ ಕಮಿಟಿಯವರೊಬ್ಬರು ನಮ್ಮ ಬಾಡಿಗೆಯ ವಿಷಯ ಎತ್ತಿದರು. ಸೆಕ್ರೆಟರಿ ಮುಖ ಒರೆಸಿಕೊಳ್ಳುತ್ತಾ, “ಅವರು ಇಲ್ಲೇ ಇರ್ತಾರ. ಟಾಕಿಗೆ ವಾಲ್ವ್ ಹಾಕಸ್ರಿ. ಅಲಾರಂ ಸುದ್ದಾ ರಿಪೇರಿ ಮಾಡಸ್ರಿ,” ಎಂದರು.

ಸಂಜೆ ಮಾವ ನನಗೆ ಹೇಳದೆಯೇ ಮೆಟ್ಟಿಲು ಹತ್ತಿ ಹೋಗಿ ಅವರನ್ನು ಊಟಕ್ಕೆ ಕರೆತಂದರು. ನಾನು ಅನ್ನ, ಸಾರು, ಬೆಂಡೆಕಾಯಿ ಪಲ್ಯ ಬಡಿಸಿದೆ. ಸೆಕ್ರೆಟರಿ ನಾಲ್ಕು ತುತ್ತು ಉಂಡು ಕೈ ನಿಲ್ಲಿಸಿದರು.

“ಖಾರ ಆಯ್ತಾ?” ಎಂದೆ.

“ಇಲ್ಲ ತಂಗಿ. ಎದುರಿಗೆ ಇನ್ನೊಬ್ಬರು ಉಣ್ಣೋ ಸಪ್ಪಳ ಕೇಳಿ ಭಾಳ ದಿನ ಆಗಿತ್ತು.”

ಮಾವ ತಲೆ ತಗ್ಗಿಸಿಕೊಂಡೇ ಅಂಗೈಗೆ ಸಾರು ಹಾಕಿಸಿಕೊಂಡು, ಬೇಕಾದದ್ದಕ್ಕಿಂತ ಜೋರಾಗಿ ಸುರ್‌ರೆಂದು ಹೀರಿದರು.