ಡಕ್ಟಿನೊಳಗೊಂದು ಬಾಣಂತನ

ನನ್ನ ನಾದಿನಿಗೆ ಓತಿಕ್ಯಾತದ ಮುಖ ಒಮ್ಮೆ ನೋಡಿದರೆ ಸಾಕು, ಮರೆಯುವುದಿಲ್ಲ. ಮನುಷ್ಯರದ್ದು ಮಾತ್ರ ನೆನಪಿರುವುದಿಲ್ಲ! ಎದುರು ಫ್ಲ್ಯಾಟಿನವರನ್ನು ಲಿಫ್ಟಿನಲ್ಲಿ ಕಂಡಾಗಲೆಲ್ಲ, "ಹೊಸದಾಗಿ ಬಂದ್ರಾ?" ಎನ್ನುತ್ತಾಳೆ. ಅವರೂ ಪಾಪ, "ಹೌದು ಮೇಡಂ" ಎಂದು ಸುಮ್ಮನಾಗುವುದನ್ನು ಕಲಿತಿದ್ದಾರೆ.

ನಾವಿಬ್ಬರೂ ಇರುವುದು ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ಇಲ್ಲಿನ ಹುಳ-ಹುಪ್ಪಟೆ, ಪ್ರಾಣಿ-ಪಕ್ಷಿಗಳ ಬಗ್ಗೆ ಅವಳೊಂದು ಬ್ಲಾಗ್ ನಡೆಸುತ್ತಾಳೆ. ಬರೆಯುವುದು ಅವಳು, ಟಾರ್ಚ್ ಹಿಡಿಯುವುದು ನಾನು. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಎಂಬ್ರಾಯ್ಡರಿ ಕಲಿಸಿದ್ದರು, ಟೇಬಲ್ ಮ್ಯಾನರ್ಸ್ ಕಲಿಸಿದ್ದರು. ಮೋರಿ ಕಪ್ಪೆಗೆ ಬೆಳಕು ಬಿಡುವುದನ್ನು ಕಲಿಸಿರಲಿಲ್ಲ. ಮಂಡಿ ನೋವು, ಕಣ್ಣೆಳೆತ... ಈ ವಯಸ್ಸಿನಲ್ಲಿ ನನಗಿದು ಬೇಕಿತ್ತೇ?

ಓದುಗರಿಗೆ ಬೇಕಾದದ್ದು ಹಾವು. ಬೇಸ್‌ಮೆಂಟಿಗೆ ಕೇರೆಹಾವು ನುಗ್ಗಿದರೆ ಇಡೀ ಲೇಔಟೇ ಓದುತ್ತದೆ. ಚಿರತೆ ಬಂದಿತ್ತಂತೆ ಎಂದರಂತೂ ಮುಗಿದೇ ಹೋಯಿತು! ಜೇಡದ ಬಗ್ಗೆ ಅವಳು ತಿಂಗಳುಗಟ್ಟಲೆ ಒದ್ದಾಡಿ ಬರೆದದ್ದನ್ನು ಓದಿದವಳು ನಾನೊಬ್ಬಳೇ. ಅದೂ, ಓದದಿದ್ದರೆ ಕಾಫಿ ಇಲ್ಲ ಎಂದಿದ್ದಕ್ಕೆ.

"ಜನಕ್ಕೆ ಹೆದರಿಕೆ ಬೇಕು ಅತ್ತಿಗೆ, ಪ್ರಾಣಿ ಬೇಡ."

"ನನಗೆ ಎರಡೂ ಬೇಡ ಕಣೇ, ನಿದ್ದೆ ಬೇಕು."

ಅಷ್ಟರಲ್ಲಿ ನಮ್ಮ ಮಹಡಿಯ ಪೈಪುಗಳ ಡಕ್ಟಿನಲ್ಲಿ ಗೂಬೆಯೊಂದು ಮರಿ ಮಾಡಿತು. ಅಪಶಕುನವೆಂದು ಗುಲ್ಲೆದ್ದಿತು. ಶನಿವಾರ ಮರಿಗಳನ್ನು ತೆಗೆಸಿ ಬಲೆ ಕಟ್ಟಿಸುವುದೆಂದು ಅಸೋಸಿಯೇಷನ್ ತೀರ್ಮಾನಿಸಿತು. ರೆಕ್ಕೆ ಬಲಿಯದ ಮರಿಗಳು. ಹೊರಗೆ ಹಾಕಿದರೆ ಸತ್ತಂತೆಯೇ. "ಗೂಬೆಯಿದ್ದರೆ ಇಲಿ ಕಾಟವಿಲ್ಲ" ಎಂದು ನಾದಿನಿ ಬ್ಲಾಗಿನಲ್ಲಿ ಗೋಗರೆದಳು. ಬಂದ ಕಾಮೆಂಟ್ ಒಂದೇ: "ಮೇಡಂ, ಹಾವಿನ ಸ್ಟೋರಿ ಯಾವಾಗ?"

ಶನಿವಾರ ಬೆಳಿಗ್ಗೆ ಡಕ್ಟಿನ ಬಾಗಿಲಿಗೆ ಒಂದು ರಟ್ಟಿನ ಬೋರ್ಡು ತೂಗುತ್ತಿತ್ತು: "ಬಾಣಂತಿ ಮಲಗಿದ್ದಾಳೆ. ಸದ್ದು ಮಾಡಬೇಡಿ." ಅದರ ಮುಂದೆ ನನ್ನ ಬೆತ್ತದ ಕುರ್ಚಿ ಹಾಕಿಕೊಂಡು ನಾದಿನಿ ಕುಳಿತಿದ್ದಳು. ಬಲೆಯವನನ್ನು ಕರೆದುಕೊಂಡು ಸೆಕ್ರೆಟರಿ ಬಂದರು.

"ಏನ್ ಮೇಡಂ ಇದು? ಅದು ಗೂಬೆ! ಮೊಟ್ಟೆ ಇಡೋದಕ್ಕೆಲ್ಲಾ ಯಾವ ಬಾಣಂತನ?"

"ನಿಮ್ಮ ಮನೇಲಿ ಬಾಣಂತೀನ ಕೈಗೂಸಿನ ಸಮೇತ ಆಚೆಗೆ ಹಾಕ್ತೀರೇನ್ರೀ?"

ಸೆಕ್ರೆಟರಿಯ ತಂಗಿ ಹೆರಿಗೆಗೆಂದು ಬಂದವಳು, ಅದೇ ಮಹಡಿಯ ಅವರ ಮನೆಯಲ್ಲೇ ಬಾಣಂತಿಯಾಗಿದ್ದಳು. ಅವರ ತಾಯಿ ಸಾಂಬ್ರಾಣಿ ಹೊಗೆಯ ನಡುವಿನಿಂದಲೇ ಎದ್ದು ಬಂದು ಬೋರ್ಡು ಓದಿದರು. ಡಕ್ಟಿನೊಳಗೆ ಬಗ್ಗಿ ನೋಡಿದರು. ಮಗನ ಕಡೆ ತಿರುಗಿದರು.

"ಲೋ, ನಡೀ ಒಳಗೆ. ಬಾಣಂತಿ ಕಣ್ಣೀರು ಹಾಕಿಸ್ಬೇಡ."

ಸೆಕ್ರೆಟರಿ ನಡೆದರು!

ಅಂದಿನ ಬ್ಲಾಗನ್ನು ಜನ ಹಾವು, ಚಿರತೆಗಳಿಗಿಂತ ಹೆಚ್ಚು ಓದಿದರು. ಕಾಮೆಂಟುಗಳ ಸುರಿಮಳೆ: ಮೆಂತ್ಯದ ಲಡ್ಡು ಕೊಡಿ, ಬೆಳ್ಳುಳ್ಳಿ ಒಳ್ಳೆಯದು, ಕಿವಿಗೆ ಹತ್ತಿ ಇಡುವುದನ್ನು ಮರೆಯಬೇಡಿ. ಗೂಬೆಯ ಕಿವಿ ಎಲ್ಲಿದೆಯೆಂದು ಹುಡುಕಲು ಮತ್ತೆ ನಾನೇ ಟಾರ್ಚ್ ಹಿಡಿಯಬೇಕಾಯಿತು.

ಕೊನೆಗೊಂದು ದಿನ ಮರಿಗಳು ಹಾರಿಹೋದವು. ಸದ್ಯ, ನನ್ನ ಡ್ಯೂಟಿ ಮುಗಿಯಿತೆಂದು ಊಟವಾದ ಮೇಲೆ ಮಲಗಿದೆ. ಕಾಲಿಂಗ್ ಬೆಲ್ಲಿನ ಸದ್ದಿಗೆ ಎಚ್ಚರವಾಯಿತು. ಹೊರಗೆ ನಾದಿನಿಯ ಪಿಸುದನಿ:

"ಷ್! ಅತ್ತಿಗೆ ಮಲಗಿದ್ದಾರೆ, ಆಮೇಲೆ ಬನ್ನಿ. ಅಂದ ಹಾಗೆ, ನೀವು ಹೊಸದಾಗಿ ಬಂದ್ರಾ?"

ಮೆಲ್ಲಗೆ ಎದ್ದು ಕೋಣೆಯ ಬಾಗಿಲು ತೆರೆದೆ. ಹಿಡಿಕೆಗೆ ಅದೇ ಬೋರ್ಡು ತೂಗುತ್ತಿತ್ತು.

ನನ್ನ ಹೆರಿಗೆಯ ಹೊತ್ತಿಗೆ ನನಗೆ ತಾಯಿ ಇರಲಿಲ್ಲ. ಎರಡು ಜಡೆ ಹಾಕಿಕೊಳ್ಳುತ್ತಿದ್ದ ಈ ಹುಡುಗಿಯೇ ಅಂದು ಕೋಣೆಯ ಹೊಸಿಲಲ್ಲಿ ಕೂತು, ಬಂದವರನ್ನೆಲ್ಲ ಹೀಗೇ ಪಿಸುಗುಟ್ಟಿ ಸಾಗಹಾಕುತ್ತಿದ್ದಳು.

ಸದ್ದಾಗದಂತೆ ಬಾಗಿಲು ಮುಂದೆ ಮಾಡಿ ಮತ್ತೆ ಮಲಗಿದೆ.