ಬಟ್ಟೆ ಒಗೆಯುವ ಕೋಣೆಯಲ್ಲಿ ನನ್ನ ಏಳು ನಿಮಿಷ

ಗುನ್‌ವೋರಳಿಗೆ ಕರುಳಿಲ್ಲ. ಇದು ನಲವತ್ತೆರಡು ವರ್ಷಗಳ ಗೆಳೆತನದ ನಂತರ ನಾನು ಕೊಡುತ್ತಿರುವ ತೀರ್ಪು. ಕರುಳಿರಬೇಕಾದ ಜಾಗದಲ್ಲಿ ಅವಳಿಗೆ ನಿಯಮಗಳಿವೆ. ಓದುವ ಕಾಲದಲ್ಲಿ ನಾವು ಒಂದೇ ಕೋಣೆಯಲ್ಲಿದ್ದಾಗ, ನಾನು ದೀಪ ಆರಿಸುವುದು ಐದು ನಿಮಿಷ ತಡವಾಯಿತೆಂದು ವಾರ್ಡನ್ನಿಗೆ ದೂರು ಕೊಟ್ಟ ಮಹಾತಾಯಿ ಅವಳು!

ಆದ್ದರಿಂದ ಈ ಮೇ ತಿಂಗಳಲ್ಲಿ ನಾರ್ವೆಯ ಬರ್ಗೆನ್ನಿನಿಂದ ರೈಲು ಹತ್ತಿ, ಗಡಿ ದಾಟಿ, ಸ್ವೀಡನ್ನಿನ ಗೋಥೆನ್‌ಬರ್ಗಿನ ಅವಳ ಮನೆಗೆ ಹೊರಟಾಗಲೇ ಪ್ರತಿಜ್ಞೆ ಮಾಡಿದೆ: ನಾಲ್ಕು ದಿನ ಇರುತ್ತೇನೆ, ಒಂದೇ ಒಂದು ತಪ್ಪು ಮಾಡದೆ ಹಿಂತಿರುಗುತ್ತೇನೆ. ಕಾನೂನಿನ ಇತಿಹಾಸವನ್ನು ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಜೀವಮಾನದಲ್ಲಿ ಎಲ್ಲಿಗೂ ತಡವಾಗಿ ಹೋದವಳಲ್ಲ. ಅದಕ್ಕೆಂದೇ ಕೈಗಡಿಯಾರವನ್ನು ಏಳು ನಿಮಿಷ ಮುಂದಿಟ್ಟಿರುತ್ತೇನೆ.

ಬಾಗಿಲಲ್ಲೇ ಅವಳ ಕಣ್ಣು ನನ್ನ ಮಣಿಕಟ್ಟಿನ ಮೇಲೆ ಬಿತ್ತು. "ಏನೇ ಸಿಗ್ರುನ್, ಇನ್ನೂ ಆ ಸುಳ್ಳು ಗಡಿಯಾರ ಕಟ್ಕೊಂಡು ಓಡಾಡ್ತಿದ್ದೀಯ?"

"ಸುಳ್ಳಲ್ಲ ಕಣೇ, ಮುಂಜಾಗ್ರತೆ."

"ಸುಳ್ಳಿಗೆ ಪ್ರೊಫೆಸರುಗಳು ಇಡೋ ಹೆಸರು ಅದು. ಒಳಗೆ ಬಾ. ಶೂ ಎಡಗಡೆ ಬಿಡು."

ಅವಳ ಅಡುಗೆಮನೆಯ ಬಾಗಿಲ ಮೇಲೊಂದು ಗೋಡೆಗಡಿಯಾರವಿದೆ. ರೇಡಿಯೊ ವಾರ್ತೆಗೂ ಅದಕ್ಕೂ ಒಂದು ಸೆಕೆಂಡ್ ವ್ಯತ್ಯಾಸ ಬಂದರೆ ತಪ್ಪು ರೇಡಿಯೊದ್ದು! ಅದರ ಕೆಳಗೆ ನಿಂತು ಮೊದಲ ಕೆಲಸ ಹೇಳಿದಳು: "ಆ ಮೇಲಿನ ಜಾಡಿ ಇಳಿಸು. ನನ್ನ ಮಂಡಿ ಹೋಗಿದೆ. ಸ್ಟೂಲ್ ಹತ್ತಕೂಡದು ಅಂದಿದ್ದಾರೆ ಡಾಕ್ಟರು. ಹೇಳಿದ್ಮೇಲೆ ಮುಗೀತು."

ಎರಡು ದಿನ ನಾನು ನಿಷ್ಕಳಂಕಳಾಗಿದ್ದೆ. ಮೂರನೆಯ ಬೆಳಿಗ್ಗೆ ಅವಳು ಬೇಕರಿಗೆ ಹೋಗಿದ್ದಾಗ ಹಾಸಿಗೆಯ ಮೇಲೆ ಕೂತು ಕಾಫಿ ಕುಡಿದೆ. ಅದು ನಿಷಿದ್ಧ. ಬರೀ ಕುಡಿದಿದ್ದರೆ ಪರವಾಗಿರಲಿಲ್ಲ, ಚೆಲ್ಲಿದೆ! ಅವಳ ತಾಯಿ ಕೈಯಾರೆ ಕಸೂತಿ ಹಾಕಿದ, ಮೂಲೆಯಲ್ಲಿ ಆಕೆಯ ಹೆಸರಿನ ಅಕ್ಷರಗಳಿರುವ, ಕಟ್ಟಡಕ್ಕೆಲ್ಲ ಪರಿಚಿತವಾದ ಬಿಳಿ ಹೊದಿಕೆಯ ಮೇಲೆ.

ಸ್ವೀಡನ್ನಿನ ಇಂಥ ಕಟ್ಟಡಗಳಲ್ಲಿ ಬಟ್ಟೆ ಒಗೆಯುವ ಕೋಣೆ ನೆಲಮಾಳಿಗೆಯಲ್ಲಿ, ಇಪ್ಪತ್ತು ಮನೆಗೂ ಸೇರಿ ಒಂದೇ. ಯಾರಿಗೆ ಯಾವ ಹೊತ್ತು ಎಂಬುದಕ್ಕೆ ಗೋಡೆಯ ಮೇಲೊಂದು ಹಲಗೆ. ಹೊತ್ತು ಕಾಯ್ದಿರಿಸಿದವರು ತಮ್ಮ ಹೆಸರಿನ ಪುಟ್ಟ ಬೀಗವನ್ನು ಆ ಗಂಟೆಯ ಮುಂದೆ ಸಿಕ್ಕಿಸುತ್ತಾರೆ. ಆ ಕೋಣೆಗೆ ಇಪ್ಪತ್ತೆರಡು ವರ್ಷಗಳಿಂದ ಗುನ್‌ವೋರಳೇ ಮೇಲ್ವಿಚಾರಕಿ. ಅವಳ ಪಾಲಿಗೆ ಅದು ಸಿಂಹಾಸನ. ಅದರ ಮೇಲೆ ಮೂರನೇ ಮಹಡಿಯ ಟೂರೆಗೆ ಬಹುಕಾಲದಿಂದ ಕಣ್ಣು. ಅವತ್ತೇ ಸಂಜೆ ಆರಕ್ಕೆ ಕಟ್ಟಡದ ವಾರ್ಷಿಕ ಸಭೆ, ಮೇಲ್ವಿಚಾರಕರ ಆಯ್ಕೆ.

ಹೊದಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಕಳ್ಳಿಯಂತೆ ಇಳಿದೆ. ಹತ್ತು ಗಂಟೆಯ ಮುಂದೆ ಟೂರೆಯ ಬೀಗವಿತ್ತು, ಟೂರೆ ಇರಲಿಲ್ಲ. ಗೋಡೆಯ ಮೇಲೆ ನಿಯಮ ನಾಲ್ಕು: ಅರ್ಧ ಗಂಟೆಯೊಳಗೆ ಬಾರದವರ ಹೊತ್ತನ್ನು ಯಾರು ಬೇಕಾದರೂ ಬಳಸಬಹುದು. ಎಂಥ ಸ್ಪಷ್ಟ ಶಾಸನ! ನನ್ನ ಗಡಿಯಾರ ಹತ್ತು ಮೂವತ್ತೊಂದು ತೋರಿಸುವವರೆಗೂ ಕಾದು, ಮೆಷಿನ್ನಿನ ಗುಂಡಿ ಒತ್ತಿ, ನ್ಯಾಯಾಧೀಶೆಯ ಗಾಂಭೀರ್ಯದಿಂದ ಮೇಲೆ ಬಂದೆ.

ಏಳು ನಿಮಿಷದ ವಿಷಯ ನೆನಪಾದದ್ದು ಟೂರೆಯ ನೋಟೀಸು ನೋಡಿದ ಮೇಲೆ. ಹತ್ತು ಇಪ್ಪತ್ತಾರಕ್ಕೆ ಬುಟ್ಟಿ ಹೊತ್ತು ಬಂದ ಟೂರೆಗೆ ಮೆಷಿನ್ನಿನ ಗಾಜಿನ ಬಾಗಿಲಲ್ಲಿ ಕಂಡದ್ದು, ಗುನ್‌ವೋರಳ ತಾಯಿಯ ಹೆಸರು ಗಿರಗಿರನೆ ತಿರುಗುತ್ತಿದ್ದ ದೃಶ್ಯ! ಮಧ್ಯಾಹ್ನದೊಳಗೆ ಕೆಳಗಿನ ಬಾಗಿಲಿಗೆ ಕಾಗದ ಅಂಟಿತ್ತು: "ಹತ್ತು ಇಪ್ಪತ್ತಾರಕ್ಕೇ ನನ್ನ ಹೊತ್ತು ಬೇರೆಯವರ ಪಾಲಾಗಿತ್ತು. ನಿಯಮ ಬರೆದವರಿಗೆ ಗಂಟೆ ನೋಡಲು ಬರುತ್ತದೆಯೇ? ಉತ್ತರ ಸಭೆಯಲ್ಲಿ."

ಊಟದ ಮೇಜಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಗುನ್‌ವೋರ್ ಆಲೂಗಡ್ಡೆಯ ಸಿಪ್ಪೆ ಪೂರ್ತಿ ಬಿಡಿಸಿ ಮುಗಿಸಿದಳು.

"ಹಾಸಿಗೆ ಮೇಲೆ ಯಾಕೆ ಕಾಫಿ ಕುಡಿದೆ?"

"ಗುನ್‌ವೋರ್, ನಿನ್ನ ಸ್ಥಾನವೇ ಹೋಗೋ ಹಾಗಿದೆ!"

"ಅದು ಆಮೇಲಿನ ಮಾತು. ಮೊದಲು ಕಾಫಿ."

ಸಭೆಯಲ್ಲಿ ಎದ್ದುನಿಂತು ತಪ್ಪೊಪ್ಪಿಕೊಳ್ಳುತ್ತೇನೆಂದೆ. ಅವಳು ತಟ್ಟೆ ತೊಳೆಯಲು ಎದ್ದಳು. ಆರಕ್ಕೆ ಹತ್ತು ನಿಮಿಷವಿದ್ದಾಗ ಇಷ್ಟೇ ಹೇಳಿದಳು: "ನೀನು ಇಳೀತಿರು. ನನ್ನ ಶಾಲು ತಗೊಂಡು ಬರ್ತೀನಿ." ಬಂದಾಗ ಎಂದಿಗಿಂತ ಹೆಚ್ಚು ಕುಂಟುತ್ತಿದ್ದಳು. ಶಾಲು ಇರಲಿಲ್ಲ.

ಟೂರೆ ಸಭೆಯಲ್ಲಿ ಹೊದಿಕೆಯ ಅಕ್ಷರಗಳನ್ನು ವರ್ಣಿಸಿ, ಕೊನೆಗೆ ಉದಾರಿಯಾದ: "ಏನ್ರೀ ಗುನ್‌ವೋರ್, ನಿಮ್ಮ ನೆಂಟರು ಮಾಡಿದ್ದು ಅಂದ್ಬಿಡಿ. ನಾರ್ವೆಯವರು, ಅವರಿಗೇನು ಗೊತ್ತಾಗತ್ತೆ? ವಿಷಯ ಇಲ್ಲಿಗೇ ಮುಗೀತು."

ನಾನು ಎದ್ದೆ. ಭುಜದ ಮೇಲೆ ಒಂದು ಕೈ ಬಿದ್ದು ನನ್ನನ್ನು ಕುರ್ಚಿಗೆ ಒತ್ತಿತು.

"ಕೂತ್ಕೊಳೇ. ಹೊರಗಿನವರಿಗೆ ಸಭೇಲಿ ಮಾತಾಡೋ ಹಕ್ಕಿಲ್ಲ. ನಿಯಮ ಒಂಬತ್ತು." ಆಮೇಲೆ ಟೂರೆಯ ಕಡೆ ತಿರುಗಿದಳು. "ನನ್ನ ಮನೆಯ ಬಟ್ಟೆ, ಜವಾಬ್ದಾರಿ ನನ್ನದು. ನಮ್ಮನೆ ಗಡಿಯಾರ ಏಳು ನಿಮಿಷ ಮುಂದಿದೆ. ಅನುಮಾನ ಇದ್ದವರು ಬಂದು ನೋಡಬಹುದು."

ನಾನು ದಂಗಾದೆ. ಗುನ್‌ವೋರ್ ಸುಳ್ಳು ಹೇಳುವುದೇ!

"ಗಡಿಯಾರಾನೇ ಸರಿ ಇಟ್ಕೊಳ್ಳದವರು ಇಪ್ಪತ್ತು ಮನೆ ಹೊತ್ತು ಕಾಯ್ತಾರಾ?" ಎಂದ ಟೂರೆ. ಜನ ನಕ್ಕರು. ಕೈ ಎತ್ತಿದವರು ಅವನಿಗೆ ಹನ್ನೊಂದು, ಇವಳಿಗೆ ಒಂಬತ್ತು. ಕೋಣೆಯ ಕೀಲಿಕೈಯನ್ನು ಗುನ್‌ವೋರ್ ಮೇಜಿನ ಮೇಲೆ, ಅಂಚಿಗೆ ಸಮನಾಗಿ ಇಟ್ಟಳು.

ಮೆಟ್ಟಿಲು ಹತ್ತುವಾಗ ನಾನು ಸುಮ್ಮನಿರಲಾರದೆ ಕೆಣಕಿದೆ. "ಅಂತೂ ಮುದಿವಯಸ್ಸಲ್ಲಿ ಸುಳ್ಳು ಹೇಳೋದು ಕಲಿತೆ."

"ನಾನು ಸುಳ್ಳು ಹೇಳಲ್ಲ," ಎಂದವಳೇ ಕಂಬಿ ಹಿಡಿದುಕೊಂಡು ಮುಂದಿನ ಮೆಟ್ಟಿಲಿಗೆ ನೋವಿನ ಕಾಲು ಎತ್ತಿದಳು.

ಅಡುಗೆಮನೆಗೆ ಕಾಲಿಟ್ಟೆ. ಬಾಗಿಲ ಪಕ್ಕದಲ್ಲಿ, ಯಾವತ್ತೂ ಇರದ ಜಾಗದಲ್ಲಿ ಸ್ಟೂಲ್ ನಿಂತಿತ್ತು. ತಲೆಯೆತ್ತಿ ಗೋಡೆಗಡಿಯಾರ ನೋಡಿದೆ. ಆಮೇಲೆ ನನ್ನ ಮಣಿಕಟ್ಟು ನೋಡಿಕೊಂಡೆ.

ಎರಡರಲ್ಲೂ ಒಂದೇ ಸಮಯ.