ಒಂದೇ ಕುರ್ಚಿಯ ಮನೆ

ನನಗೆ ಮನೆ ಇಲ್ಲ. ಹೀಗೆಂದ ಕೂಡಲೇ ಕನಿಕರಪಟ್ಟು ನನ್ನ ಹೆಸರಿನಲ್ಲಿ ಆಶ್ರಯ ಸೈಟಿಗೆ ಅರ್ಜಿ ಹಾಕಿಬಿಡಬೇಡಿ. ಚಿಂತಾಮಣಿಯಲ್ಲಿ ಗಂಡನ ಮನೆ ಇದೆ, ಮೇಲೂರಿನಲ್ಲಿ ತವರುಮನೆ ಇದೆ. ತೊಂದರೆ ಏನೆಂದರೆ, ಸಾರಿಗೆ ಒಂದು ಹರಳು ಉಪ್ಪು ಹೆಚ್ಚಾದರೆ ನಮ್ಮತ್ತೆ ಆಂಜಿನಮ್ಮನವರು "ನಿಮ್ಮನೇಲಿ ಹಿಂಗೇನಮ್ಮ ಮಾಡೋದು?" ಎಂದು ಮೇಲೂರಿನ ದಿಕ್ಕಿಗೆ ಸೌಟು ತೋರಿಸುತ್ತಾರೆ. ಮೇಲೂರಿಗೆ ಹೋಗಿ ಎರಡು ದಿನ ಹೆಚ್ಚಿಗೆ ಕೂತರೆ ಅಣ್ಣನ ಹೆಂಡತಿ "ಪಾಪ, ನಿಮ್ಮನೇಲಿ ಎಷ್ಟು ಕಷ್ಟ ಆಗೈತೋ" ಎಂದು ನನ್ನ ಬ್ಯಾಗನ್ನು ಬಾಗಿಲ ಹತ್ತಿರ ತಂದಿಡುತ್ತಾಳೆ. ಹೀಗಾಗಿ ನನ್ನದು ಅಂತ ಇರುವುದು ನಡುವಿನ ಬಸ್ಸಿನ ಸೀಟೊಂದೇ (ಅದೂ ಸಿಕ್ಕರೆ).

ಆದ್ದರಿಂದಲೇ, ಪಕ್ಕದ ಬೀದಿಯ ಬುದ್ಧವಿಹಾರದಲ್ಲಿ ಭಾನುವಾರ ಬೆಳಿಗ್ಗೆ ಧ್ಯಾನ ಕಲಿಸುತ್ತಾರೆ ಎಂದು ತಿಳಿದಾಗ ನಾನು ಹೊರಟು ನಿಂತೆ.

"ತಿಂಡಿ ಮಾಡಿಟ್ಟು ಹೋಗು" ಎಂದರು ಅತ್ತೆ.

"ಬಟ್ಟೆ ಒಣಗಾಕಿ ಹೋಗು" ಎಂದರು ಪತಿದೇವರು ಕೆಂಪರಾಜು, ಹೈಸ್ಕೂಲಿನ ಗಣಿತ ಮೇಷ್ಟ್ರು.

ನಿರ್ವಾಣದ ದಾರಿಯಲ್ಲಿ ಇಂಥ ವಿಘ್ನಗಳು ಸಹಜ. ಎಲ್ಲ ಮುಗಿಸಿಯೇ ಹೋದೆ.

ಧ್ಯಾನ ಕಲಿಸುವ ಮಧುಸೂದನ್ ಸರ್ ಮೆಲುದನಿಯ ಮನುಷ್ಯ. "ಕಣ್ಣು ಮುಚ್ಚಿ, ಉಸಿರನ್ನ ಸುಮ್ನೆ ನೋಡ್ತಾ ಇರಿ. ನಿಮ್ಮೊಳಗೇ ಒಂದು ಮನೆ ಐತೆ. ಅಲ್ಲಿ ನಿಮ್ಮನ್ನ ಏಳು ಅನ್ನೋರು ಯಾರೂ ಇಲ್ಲ" ಎಂದರು. ಮೊದಲೆರಡು ವಾರ ನನ್ನೊಳಗೆ ಕಂಡದ್ದು ಗ್ಯಾಸ್ ಒಲೆ ಮಾತ್ರ. ಆರಿಸಿ ಬಂದೆನೋ ಇಲ್ಲವೋ ಎಂಬ ಮಹಾಚಿಂತನೆಯಲ್ಲೇ ತರಗತಿ ಮುಗಿಯುತ್ತಿತ್ತು. ಮುಂದಿನ ವಾರ ಅದೇನಾಯಿತೋ, ನಿಜವಾಗಿಯೂ ಒಂದು ಮನೆ ಕಂಡಿತು. ತಣ್ಣನೆಯ ಕೆಂಪು ನೆಲ, ಒಂದು ಕಿಟಕಿ, ಕಿಟಕಿಯಾಚೆ ಹೊಂಗೆ ಮರ, ನೆರಳಿಗೆ ಒಂದು ಕುರ್ಚಿ. ಹೋಗಿ ಕೂತೆ. ಯಾರೂ ಕರೆಯಲಿಲ್ಲ. ಎಷ್ಟೋ ಹೊತ್ತು ಯಾರೂ ಕರೆಯಲಿಲ್ಲ! ಕಣ್ಣು ಬಿಟ್ಟಾಗ ಕೆನ್ನೆ ಒದ್ದೆಯಾಗಿತ್ತು.

ಆ ಸಂತೋಷವನ್ನು ನನ್ನಲ್ಲೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಊಟಕ್ಕೆ ಬಡಿಸುತ್ತಾ ಬಾಯಿಬಿಟ್ಟೆ.

"ಎಷ್ಟು ಅಳತೆ? ಮೂವತ್ತು–ನಲವತ್ತಾ?" ಎಂದರು ಗಣಿತ ಮೇಷ್ಟ್ರು.

"ಅಳತೆ ಎಲ್ಲ ನೋಡ್ಲಿಲ್ಲರೀ. ಒಂದು ಕುರ್ಚಿ ಇತ್ತು, ಅಷ್ಟೇ."

ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ಒಂದೇ ಕುರ್ಚಿನಾ? ನಾನು ಬಂದ್ರೆ ಎಲ್ಲಿ ಕೂತ್ಕೊಬೇಕು?"

"ಅತ್ತೆ, ಅದು ಒಳಗಿನ ಮನೆ."

"ಒಳಗಿಂದೋ ಹೊರಗಿಂದೋ, ಮಂಡಿನೋವಿನ ಅತ್ತೆ ಒಬ್ಬಳು ಅವಳೆ ಅಂತ ಗ್ಯಾನ ಬೇಡ್ವಾ?"

"ನನಗೂ ಕುರ್ಚಿ ಇಲ್ವಾ?" ಎಂದರು ಪತಿದೇವರು, ದನಿ ಸಣ್ಣದಾಗಿತ್ತು. "ಗಂಡ ಗಟ್ಟಿಮುಟ್ಟಾಗಿ ಬದುಕಿರುವಾಗಲೇ ಒಂಟಿ ಕುರ್ಚಿ!"

ಇಬ್ಬರೂ ಎರಡನೇ ಮುದ್ದೆ ಬೇಡವೆಂದು ಎದ್ದರು. ನಮ್ಮ ಮನೆಯಲ್ಲಿ ಅದು ತುರ್ತುಪರಿಸ್ಥಿತಿಯ ಘೋಷಣೆ.

ಸಂಜೆ ಅತ್ತೆ ಎದುರು ಮನೆಯ ಅಕ್ಕಯ್ಯಮ್ಮನ ಹತ್ತಿರ ದುಃಖ ತೋಡಿಕೊಂಡರು. "ನಮ್ಮ ಸೊಸೆ ಬೇರೆ ಮನೆ ಮಾಡವ್ಳೆ ಕಣಕ್ಕ. ನಮಗೆ ಕೂತ್ಕೊಳಾಕೂ ಜಾಗ ಇಟ್ಟಿಲ್ಲ."

"ಅಯ್ಯಯ್ಯೋ, ಏಮಮ್ಮಾ ಇದಿ! ಇದೇನಮ್ಮಾ ಇದು!" ಎಂದು ಅಕ್ಕಯ್ಯಮ್ಮ ತೆಲುಗು, ಕನ್ನಡ ಎರಡರಲ್ಲೂ ಕೂಗಿ ಎದೆ ಮುಟ್ಟಿಕೊಂಡರು. ಅವರ ಸೊಸೆ ಮೇಲೂರಿನವಳು. ಅವಳ ಫೋನಿಗೆ ಅನ್‌ಲಿಮಿಟೆಡ್ ಪ್ಲಾನು. ಇನ್ನು ಹೇಳುವುದೇನಿದೆ? ಮಾರನೆಯ ಬೆಳಿಗ್ಗೆ ನಮ್ಮಣ್ಣ ನರಸಿಂಹಮೂರ್ತಿಯ ಬೈಕು ಬಾಗಿಲಲ್ಲಿ ನಿಂತಿತ್ತು. ಅಣ್ಣ ಮೇಲೂರಿನಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವವನು. ಗೂಡು ಕೊಳ್ಳಲು ಮಾರ್ಕೆಟ್ಟಿಗೆ ಹೊರಟವನು ಬೈಕನ್ನು ಇತ್ತ ತಿರುಗಿಸಿದ್ದ.

"ತನುಜಾ, ಏನಮ್ಮ ಇದು? ಬೇರೆ ಮನೆ ಎಲ್ಲಿ ಮಾಡಿದೀಯ?"

"ಒಳಗೆ, ಅಣ್ಣ."

"ಒಳಗೆ ಅಂದ್ರೆ? ಟೌನ್ ಒಳಗಾ?"

"ನನ್ನೊಳಗೆ."

ಅಣ್ಣ ನನ್ನ ಪತಿದೇವರ ಮುಖ ನೋಡಿದ. ಪತಿದೇವರು ಸೂರು ನೋಡಿದರು. ನಾನು ಉಸಿರಿನಿಂದ ಹಿಡಿದು ಹೊಂಗೆ ಮರದವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಕೇಳಿ ಅಣ್ಣ ನಿಟ್ಟುಸಿರು ಬಿಟ್ಟ. "ಒಳಗೊಳಗೇ ಮನೆ ಕಟ್ಕೊಂಡೋರ ಗತಿ ಏನಾಗ್ತದೆ ಅಂತ ನಾನು ದಿನಾ ನೋಡ್ತೀನಿ ಕಣಮ್ಮ. ಬಿಸಿನೀರಿಗೆ ಹಾಕ್ತಾರೆ."

"ಎಲ್ಲರೂ ಒಂದ್ಸಲ ಕಣ್ಣು ಮುಚ್ಚಿ ಕೂತು ನೋಡಿ. ಆಮೇಲೆ ಮಾತಾಡಿ" ಎಂದೆ, ಸಿಟ್ಟಿನಿಂದ.

ಕೂತರು. ಮಧುಸೂದನ್ ಸರ್ ದನಿಯಲ್ಲೇ ಉಸಿರು ನೋಡಿಸಿದೆ. ಪತಿದೇವರ ಉಸಿರು ಬೇಗನೆ ಗೊರಕೆಯ ಅಂಚಿಗೆ ಹೋಗಿ ಮರಳಿತು. ಸ್ವಲ್ಪ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟರು. ಅವರ ಮುಖ ಅಷ್ಟು ಮೃದುವಾದದ್ದನ್ನು ನಾನು ನೋಡಿರಲಿಲ್ಲ.

"ಕಂಡಿತು ಕಣಮ್ಮ. ಕೆಂಚಾರ್ಲಹಳ್ಳಿಯ ನಮ್ಮಪ್ಪನ ಮನೆ. ಜಗಲಿ ಮೇಲೆ ಕಾಲು ಚಾಚಿ ಕೂತಿದ್ದೆ. ನೀನೂ ಇದ್ದೆ."

"ನಾನಾ?"

"ನನಗೆ ಕಂಡಿದ್ದರಲ್ಲೂ ಇದ್ದಳು" ಎಂದರು ಪತಿದೇವರು.

"ನಂದರಲ್ಲೂ" ಎಂದ ಅಣ್ಣ. "ನೋಡಮ್ಮ, ನಿನ್ನ ಮನೇಲಿ ನಾವ್ಯಾರೂ ಇಲ್ಲ. ನಮ್ಮೆಲ್ಲರ ಮನೇಲೂ ನೀನಿದೀಯ."

ನಾಚಿಕೆಯಿಂದ ನನ್ನ ತಲೆ ತಗ್ಗಿತು. ಇಂಥವರಿಗೆ ಒಂದು ಕುರ್ಚಿ ಹಾಕದೆ ಹೋದೆನಲ್ಲ! "ನಿಮ್ಮ ಮನೇಲಿ ನಾನು ಏನ್ಮಾಡ್ತಿದ್ದೆ ಅತ್ತೆ?" ಎಂದೆ.

"ಪಾತ್ರೆ ತೊಳೀತಿದ್ದೆ."

ಪತಿದೇವರದರಲ್ಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆನಂತೆ. ಅಣ್ಣನದರಲ್ಲಿ ಕೋಳಿಸಾರಿಗೆ ಮಸಾಲೆ ಅರೆಯುತ್ತಿದ್ದೆನಂತೆ, ಅದೂ ಒರಳಲ್ಲಿ. ಇಲ್ಲಿ ಮಿಕ್ಸಿಯಾದರೂ ಇದೆ.

ಮುಂದಿನ ಭಾನುವಾರ ವಿಹಾರಕ್ಕೆ ತಾಯಿ–ಮಗ ಇಬ್ಬರೂ ಸ್ನಾನ ಮಾಡಿ ಹೊರಟು ನಿಂತರು. ನಾನೂ ಸೀರೆ ಉಟ್ಟು ಬಂದೆ.

"ಗ್ಯಾಸ್‌ನೋನು ಸಿಲಿಂಡರ್ ತರ್ತಾನೆ. ಮನೇಲಿ ಒಬ್ಬರು ಇರಬೇಕಲ್ಲಮ್ಮ" ಎಂದರು ಅತ್ತೆ. "ನಿನಗೆ ಹೆಂಗೂ ಮನೆ ಸಿಕ್ಕಾಯ್ತಲ್ಲ."

ಹೋದರು. ನಾನು ಒಲೆಯ ಮೇಲೆ ಬೇಳೆ ಇಟ್ಟು, ಸೆರಗು ಬಿಗಿದು, ಯಾರ ಮೇಲೆ ರೇಗಲಿ ಎಂದು ನಡುಮನೆಗೆ ಬಂದೆ. ಯಾರೂ ಇರಲಿಲ್ಲ. ಟೀವಿ ಸುಮ್ಮನಿತ್ತು. ಫ್ಯಾನು ಮಾತ್ರ ತಿರುಗುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ನಾನೊಬ್ಬಳೇ ಇದ್ದದ್ದೇ ಇಲ್ಲ ಎಂದು ಆಗ ಹೊಳೆಯಿತು. ಅತ್ತೆಯ ಮಂಚದ ಮೇಲೆ ಕೂತು ನೋಡಿದೆ. ಯಾರೂ ಏನೂ ಅನ್ನಲಿಲ್ಲ. ದಿಂಬಿಗೆ ಒರಗಿದೆ. ಬಾಗಿಲು, ಗೋಡೆ, ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ, ಎಲ್ಲವೂ ನನ್ನ ಕಡೆಗೇ ತಿರುಗಿ "ಆರಾಮಾಗಿರಮ್ಮ" ಎಂದಂತಾಯಿತು. ಕಣ್ಣು ಮುಚ್ಚಲೇಬೇಕು ಅನ್ನಿಸಲಿಲ್ಲ. ಆದರೂ ತಾನಾಗಿ ಮುಚ್ಚಿಕೊಂಡಿತು.

ಎಚ್ಚರವಾದದ್ದು ಅತ್ತೆ ಬಾಗಿಲು ಬಡಿದ ಸದ್ದಿಗೆ. ಮನೆ ತುಂಬ ಸೀದ ಬೇಳೆಯ ಹೊಗೆ. ಸಿಲಿಂಡರಿನವನು ಕೂಗಿ ಕೂಗಿ ವಾಪಸ್ಸು ಹೋಗಿದ್ದನಂತೆ.

ಅತ್ತೆ ಕರಿಹಿಡಿದ ಪಾತ್ರೆಯನ್ನು ಎತ್ತಿ ಹಿಡಿದರು. "ಧ್ಯಾನ ಮಾಡಾಕೆ ಹೋದೋರು ನಾವು, ಮೈಮರ್ತೋಳು ನೀನು! ನಿನ್ನ ಒಬ್ಬಳನ್ನೇ ಬಿಟ್ರೆ ಮನೆ ಸುಟ್ಟಾಕ್ತೀಯ. ಇನ್ಮೇಲೆ ಪ್ರತಿ ಭಾನುವಾರ ನೀನೂ ನಮ್ಮ ಜೊತೇಲೇ ಧ್ಯಾನಕ್ಕೆ ಬರಬೇಕು."

"ಬೇಡ ಅತ್ತೆ, ನಿಮ್ಮ ದಮ್ಮಯ್ಯ! ನಾನು ಮನೇಲೇ ಇರ್ತೀನಿ" ಎಂದು ಅಂಗಲಾಚಿದೆ.

"ಬಾಯ್ಮುಚ್ಚು" ಎಂದರು ಅತ್ತೆ. "ನಿನಗೂ ಒಂಚೂರು ಶಾಂತಿ ಸಿಗಲಿ."